ಲೆಕ್ಕ ಕೇಳಿದರೆ ತವರು ತಪ್ಪುತ್ತದೆಯೇ?

ಪ್ರಶ್ನೆ: ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ನಮ್ಮೆಲ್ಲರ ಒಪ್ಪಿಗೆ ಪಡೆದು ಅಣ್ಣ ಜಿಲ್ಲಾ ನ್ಯಾಯಾಲಯದಿಂದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ (ತೀರಿಕೊಂಡವರ ಆಸ್ತಿ ನಿರ್ವಹಿಸುವ ಅಧಿಕಾರ ಪತ್ರ) ತಂದು ಎರಡು ವರ್ಷವಾಯಿತು. ಅಪ್ಪನ ಠೇವಣಿ 19 ಲಕ್ಷದಲ್ಲಿ 14 ಲಕ್ಷ ಸಾಲಕ್ಕೇ ಹೋಯಿತಂತೆ. ತೋರಿಸಿದ್ದು ನೋಟ್‌ಬುಕ್ಕಿನ ಒಂದು ಹಾಳೆ; ಅದರಲ್ಲಿ ‘ಕೈಗಡ – 5 ಲಕ್ಷ’ ಅಂತಿದೆ, ಯಾರಿಗೆ ಅಂತಿಲ್ಲ. ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅನ್ನುತ್ತಾನೆ. ಅಮ್ಮ ‘ಸುಮ್ಮನಿರು’ ಅನ್ನುತ್ತಾರೆ. ಈಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೇಕಂತೆ. ಜಗಳವಾದರೆ ಗೌರಿ ಹಬ್ಬದ ಬಾಗಿನವೂ ನಿಂತೀತು ಎಂಬ ಭಯ.
– ಹೆಸರು ಬೇಡ, ದಾವಣಗೆರೆ

ಉತ್ತರ: ಸದ್ಯಕ್ಕೆ ಸಹಿ ಹಾಕಬೇಡಿ. ಜಗಳವನ್ನೂ ಆಡಬೇಡಿ.

ನಿಮ್ಮಣ್ಣ ತಂದದ್ದು ಬರೀ ವಂಶವೃಕ್ಷವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 317ನೇ ಕಲಂ ಪ್ರಕಾರ, ಆ ಪತ್ರ ಪಡೆದವರು ಆರು ತಿಂಗಳೊಳಗೆ ಆಸ್ತಿ, ಸಾಲಗಳ ಪಟ್ಟಿಯನ್ನೂ ಒಂದು ವರ್ಷದೊಳಗೆ ಹಣ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂಬ ಲೆಕ್ಕವನ್ನೂ ನ್ಯಾಯಾಲಯಕ್ಕೆ ಕೊಡಬೇಕು. ನ್ಯಾಯಾಲಯ ಹೆಚ್ಚು ಕಾಲ ಕೊಟ್ಟಿದ್ದರೆ ಆ ಮಾತು ಬೇರೆ. ಸಕಾರಣವಿಲ್ಲದೆ, ಬೇಕೆಂದೇ ಕೊಡದಿದ್ದರೆ ಪತ್ರವೇ ರದ್ದಾಗಬಹುದು. ಹಾಗಾಗಿ ‘ನಂಬಿಕೆ ಇಲ್ವಾ’ ಎಂಬ ಪ್ರಶ್ನೆಗೆ ನೀವು ಉತ್ತರಿಸುವ ಗೋಜಿಗೇ ಹೋಗಬೇಡಿ. ‘ಕೋರ್ಟಿಗೆ ಕೊಟ್ಟ ಲೆಕ್ಕದ ಒಂದು ಪ್ರತಿ ನನಗೂ ಕೊಡಣ್ಣ’ ಅನ್ನಿ, ಸಾಕು. ಕೊಡದಿದ್ದರೆ ವಕೀಲರ ಮೂಲಕ ಆ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ.

ಅಂತ್ಯಕ್ರಿಯೆ, ಕೊನೆಗಾಲದ ಆಸ್ಪತ್ರೆ ಖರ್ಚು ಮೊದಲು ಕಳೆಯುವುದು ನ್ಯಾಯವೇ. ಅಲ್ಲಿ ಸಾವಿರ ಎರಡು ಸಾವಿರಕ್ಕೆ ಕೆದಕಲು ಹೋಗಬೇಡಿ. ಬ್ಯಾಂಕ್ ಸಾಲಕ್ಕೆ ದಾಖಲೆ ಇದ್ದೇ ಇರುತ್ತದೆ. ಕೇಳಬೇಕಾದ್ದು ಆ ಐದು ಲಕ್ಷದ ಕೈಗಡ: ಯಾರಿಂದ, ಯಾವಾಗ, ಕಾಗದವಿದೆಯೇ, ತೀರಿಸಿದ್ದು ಚೆಕ್ಕಿನಲ್ಲೋ ನಗದಿನಲ್ಲೋ, ರಸೀದಿ ಎಲ್ಲಿ? ಅಣ್ಣ ನಿಜವಾಗಿಯೂ ಕೊಟ್ಟು, ರಸೀದಿ ಇಟ್ಟುಕೊಳ್ಳದೆ ಈಗ ಮುಜುಗರದಿಂದ ಸಿಡುಕುತ್ತಿರಲೂಬಹುದು. ಅಂಥ ಅಣ್ಣಂದಿರನ್ನು ನಾನು ಕಂಡಿದ್ದೇನೆ. ಹಾಗಿದ್ದರೆ ಸಾಲ ಕೊಟ್ಟವರಿಂದ ಈಗಲಾದರೂ ನಾಲ್ಕು ಸಾಲು ಬರೆಸಿ ತರಲಿ. ಹಣ ದುರ್ಬಳಕೆಯಾಗಿದ್ದರೆ ಕೈಯಿಂದ ತುಂಬಿಕೊಡುವ ಹೊಣೆ ಅಣ್ಣನದೇ.

ಇನ್ನು ಅಮ್ಮ. ‘ಸುಮ್ಮನಿರು’ ಅನ್ನುವ ಅವರೂ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ವಾರಸುದಾರರೇ. ಅಪ್ಪನ ಸ್ವಂತ ಗಳಿಕೆಯಲ್ಲಿ ಅವರಿಗೆ ನಿಮಗೂ ಅಣ್ಣನಿಗೂ ತಲಾ ಸಿಗುವಷ್ಟೇ ಪಾಲು. ಆ 14 ಲಕ್ಷದಲ್ಲಿ ಅವರ ದುಡ್ಡೂ ಹೋಗಿದೆ ಎಂದು ಯಾರೂ ಅವರಿಗೆ ಹೇಳಿದಂತಿಲ್ಲ. ಮೊದಲು ಅವರ ಪಕ್ಕ ಕೂತು ಅದನ್ನು ಹೇಳಿ. ಅಣ್ಣನ ಹತ್ತಿರ ಆ ಪ್ರತಿ ಕೇಳುವಾಗ ಅವರೂ ಜೊತೆಗಿರಲಿ.