ಬಟ್ಟಲನ್ನು ಬೋರಲು ಹಾಕಿ ನೋಡಿ

ಓದುಗರೊಬ್ಬರ ಪತ್ರ: ‘ಫ್ರಾನ್ಸಿನ ರಾಣಿ ಮರಿ ಆಂತ್ವಾನೆತ್‌ಗಾಗಿ ಸೆವ್ರ್ ಕಾರ್ಖಾನೆ ಮಾಡಿದ ಪಿಂಗಾಣಿ ಸೆಟ್ಟನ್ನು ನೀವು ಹೊಗಳಿದ್ದೀರಿ. ಅದು ಗ್ರೀಕರ ಮಣ್ಣಿನ ಪಾತ್ರೆಗಳ ನಕಲು. ಕದ್ದ ಮಾಲಿಗೇಕೆ ಹೊಗಳಿಕೆ? ಅದರಲ್ಲೊಂದು ಬಟ್ಟಲು ರಾಣಿಯ ಎದೆಯ ಅಚ್ಚಂತೆ, ನಿಜವೇ?’

ಉತ್ತರ: ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಒಂದು ಮಾತು ಒಪ್ಪುತ್ತೇನೆ. ಪ್ಯಾರಿಸ್ ಹತ್ತಿರದ ರಾಂಬೂಯೆ ಅರಮನೆಯ ಹಾಲುಮನೆಗೆಂದು ಈ ಸೆಟ್ಟು ತಯಾರಾಗಿದ್ದು 1787–88ರಲ್ಲಿ. ಅದೇ 1788ರಲ್ಲಿ ಆಲಿಕಲ್ಲು ಮಳೆಗೆ ಅಲ್ಲಿನ ಬೆಳೆ ನೆಲ ಕಚ್ಚಿತ್ತು. ಬ್ರೆಡ್ಡು ತುಟ್ಟಿಯಾಗಿತ್ತು. ಅಂಥ ಹೊತ್ತಲ್ಲಿ ಹಾಲು ಕುಡಿಯಲು ಇಷ್ಟೊಂದು ಪಿಂಗಾಣಿ ಬೇಕಿರಲಿಲ್ಲ.

ಆದರೆ ಕದ್ದ ಮಾಲು ಅನ್ನಬೇಡಿ. ನೇಪಲ್ಸ್‌ನಲ್ಲಿದ್ದ ರಾಜತಾಂತ್ರಿಕ ವಿವಾಂ ದೆನೋಂ ಸಂಗ್ರಹಿಸಿದ ಹಳೆಯ ಪಾತ್ರೆಗಳನ್ನು ರಾಜ 16ನೇ ಲೂಯಿ ಕೊಂಡು, ಮಾದರಿಗೆಂದು ಸೆವ್ರ್‌ಗೆ ಕಳಿಸಿದ. ಅಲ್ಲಿನ ಕಲಾವಿದರಾದ ಲಗ್ರನೇ, ಬ್ವಾಜೋ ಅವನ್ನು ನೋಡಿ ಕಲಿತು, ತಮ್ಮದೇ ರೀತಿಯಲ್ಲಿ ವಿನ್ಯಾಸ ಮಾಡಿದರು. ಗ್ರೀಕರದು ಕೆಂಪು ಮಣ್ಣು. ಅದರ ಮೇಲಿನ ಕಪ್ಪು ಕೂಡ ತೆಳು ಮಣ್ಣಿನ ಲೇಪವೇ. ಆವಿಗೆಗೆ ಗಾಳಿ ಬಿಟ್ಟು, ತಡೆದು, ಮತ್ತೆ ಬಿಟ್ಟು ಸುಡುತ್ತಿದ್ದರು. ಪಿಂಗಾಣಿಗೆ ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು ಬೇಕು, 1300 ಡಿಗ್ರಿಗೂ ಜಾಸ್ತಿ ಶಾಖ ಬೇಕು. ಕೆಲಸವೇ ಬೇರೆ ಅಲ್ವಾ?

ಆ ಬಟ್ಟಲಿನ ವಿಷಯ. ಹೊರಗೆ ಮೈಬಣ್ಣ, ತಳದಲ್ಲಿ ಮೊಲೆತೊಟ್ಟು. ತಾನಾಗಿ ನಿಲ್ಲದು. ಮೇಕೆ ತಲೆಗಳಿರುವ ಮುಕ್ಕಾಲಿಯ ಮೇಲೆ ಕೂರಿಸಬೇಕು. ರಾಣಿಯ ಅಚ್ಚು ಅನ್ನುವುದು ಕಟ್ಟುಕತೆ. ಗ್ರೀಕರಲ್ಲಿ ‘ಮಾಸ್ತೋಸ್’ ಎಂಬ ಇದೇ ಆಕಾರದ ಕುಡಿಯುವ ಬಟ್ಟಲು ಎಷ್ಟೋ ಶತಮಾನ ಹಿಂದೆಯೇ ಇತ್ತು. ಆ ಹೆಸರಿನ ಅರ್ಥವೂ ಮೊಲೆ ಎಂದೇ. ಇಂಥ ಕತೆ ನಂಬುವ ಮೊದಲು ನಿಮ್ಮಂಥ ಓದುವವರು ಒಮ್ಮೆ ವಿಚಾರಿಸಬೇಕಿತ್ತು.

ನನ್ನ ನೋವು ಬೇರೆ. ಇಟಲಿಯ ಗೋರಿಗಳಲ್ಲಿ ಸಿಕ್ಕವು ಅಂತ ಗ್ರೀಕರ ಪಾತ್ರೆಗಳನ್ನೂ ಆಗ ‘ಎಟ್ರಸ್ಕನ್’, ಅಂದರೆ ಇಟಲಿಯ ಒಂದು ಪ್ರಾಚೀನ ಜನಾಂಗದ್ದು, ಎಂದು ಕರೆದರು. ಪಿಂಗಾಣಿಯ ಶೈಲಿಗೂ ಅದೇ ಹೆಸರು ಅಂಟಿತು. ಮಾಡಿದ ಊರಿನ ಹೆಸರು ಹೋಯಿತು, ಅಗೆದ ಊರಿನದು ಉಳಿಯಿತು. ಅಥೆನ್ಸಿನ ಕುಂಬಾರ ಎಕ್ಸೆಕಿಯಾಸ್ ‘ಎಕ್ಸೆಕಿಯಾಸ್ ಮಾಡಿದ’ ಅಂತ ಪಾತ್ರೆಯ ಮೇಲೇ ಬರೆದಿದ್ದ, ಕ್ರಿ.ಪೂ. 6ನೇ ಶತಮಾನದಲ್ಲಿ! ಸೆವ್ರ್‌ನ ಚಿತ್ರಕಾರರಿಗೂ ತಮ್ಮದೇ ಗುರುತುಗಳಿದ್ದವು. ತಳದಲ್ಲಿ ಹಾಕುತ್ತಿದ್ದರು.

ಯಾರ ಮನೆಗೆ ಹೋದರೂ ನಾನು ಕಪ್ಪನ್ನು ಬೋರಲು ಹಾಕಿ ನೋಡುತ್ತೇನೆ. ಕಂಪನಿಯ ಹೆಸರಿರುತ್ತದೆ, ಮೈಕ್ರೋವೇವ್‌ನಲ್ಲಿಡಬಹುದು ಎಂದಿರುತ್ತದೆ. ಬಣ್ಣ ಹಚ್ಚಿದ ಕೈಯ ಸುಳಿವೇ ಇಲ್ಲ. ಹರಾಜಿನ ಸುದ್ದಿಯಲ್ಲೂ ಕೊಂಡವರ ಹೆಸರು, ಬೆಲೆ, ಅಷ್ಟೇ. ನಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಪಾತ್ರೆಯ ಚಿತ್ರದ ಕೆಳಗೆ ಮಾಡಿದವರ ಹೆಸರು ತಿಳಿದಿದ್ದರೆ ಅದೇ ಮೊದಲು ಬರುತ್ತದೆ. ನೀವೂ ಇವತ್ತು ಊಟವಾದ ಮೇಲೆ ತಟ್ಟೆ ತೊಳೆದು ಬೋರಲು ಹಾಕಿ ನೋಡಿ. ಏನು ಕಂಡಿತು ಅಂತ ಬರೆಯಿರಿ.