ಬಿಟ್ಟು ಬಂದವರ ಕತೆ ಬರೆಯುವಾಗ

ಪ್ರಿಯ ಲೇಖಕಿಯವರೇ,

ಬ್ರಿಟ್ನಿ ಡೆ ಲಾ ಮೋರಾ ಅವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಅಮೆರಿಕದ ನೀಲಿಚಿತ್ರ ಉದ್ಯಮದಲ್ಲಿ ವರ್ಷಗಟ್ಟಲೆ ಇದ್ದು, 2012ರಲ್ಲಿ ಅದನ್ನು ಬಿಟ್ಟು, ಈಗ ಗಂಡ ರಿಚರ್ಡ್ ಜೊತೆ ಕ್ರೈಸ್ತ ಸೇವೆಯಲ್ಲಿರುವ ಹೆಣ್ಣುಮಗಳ ಕತೆ. ಕನ್ನಡದಲ್ಲಿ ಇಂಥ ವಿಷಯಕ್ಕೆ ಕೈಹಾಕಲು ಧೈರ್ಯ ಬೇಕು, ಅದು ನಿಮಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ತಿದ್ದಿ ಬರೆಯುವ ಶಕ್ತಿ ನಿಮ್ಮಲ್ಲಿ ಕಂಡಿದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಎಂಟು ಪುಟಗಳಲ್ಲಿ ಆರು ಪುಟ ಕ್ಲಬ್ಬು, ಸೆಟ್ಟು, ಮಾದಕವಸ್ತು. ಸೇವೆಗೆ ಸಿಕ್ಕಿದ್ದು ಕೊನೆಯ ಎರಡು ಪ್ಯಾರಾ. ಓದುಗರನ್ನು ಬಾಗಿಲ ಸಂದಿಯಲ್ಲಿ ಇಣುಕಲು ಬಿಟ್ಟು, ಆಮೇಲೆ ಕೈಹಿಡಿದು ಪ್ರಾರ್ಥನೆಗೆ ಕೂರಿಸಿದ ಹಾಗಿದೆ. ಯಾವುದನ್ನು ಮಾರುವುದು ಸಾಕೆಂದು ಆಕೆ ಎದ್ದು ಬಂದರೋ ಅದನ್ನೇ ನಿಮ್ಮ ಲೇಖನ ಮತ್ತೆ ಮಾರುತ್ತಿದೆ. ನೀವು ಬೇಕೆಂದು ಹೀಗೆ ಮಾಡಿಲ್ಲ, ಗೊತ್ತು. ಕ್ರೈಸ್ತ ಸಭೆಗಳಲ್ಲಿ ಸಾಕ್ಷಿ, ಅಂದರೆ ತಾನು ಬದಲಾದ ಕತೆ, ಹೇಳುವ ರೂಢಿಯೇ ಹೀಗೆ ಎಳೆಯುತ್ತದೆ: ಹಿಂದಿನ ಪಾಪ ಎಷ್ಟು ದೊಡ್ಡದೋ ರಕ್ಷಣೆ ಅಷ್ಟು ದೊಡ್ಡದು ಎಂಬ ಲೆಕ್ಕ. ಸಾಕ್ಷಿಗೆ ಅದು ನಡೆದೀತು, ಒಂದು ಜೀವನವನ್ನು ಬರೆಯುವಾಗ ನಡೆಯುವುದಿಲ್ಲ.

ವಿಮಾನದ ಪ್ರಸಂಗ ನೋಡಿ. ಚಿತ್ರೀಕರಣಕ್ಕೆಂದು ಲಾಸ್ ವೇಗಸ್‌ಗೆ ಹೋಗುತ್ತಿದ್ದಾಗ ಬೈಬಲಿನ ಕೊನೆಯ ಭಾಗವಾದ ಪ್ರಕಟನೆ ಪುಸ್ತಕದ ಎರಡನೇ ಅಧ್ಯಾಯ ಓದಿದೆನೆಂದು ಆಕೆಯೇ ಹೇಳಿಕೊಂಡಿದ್ದಾರೆ. ನೀವು ‘ಆ ಕ್ಷಣ ಬೆಳಕು ಹರಿಯಿತು’ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿರಿ. ಆ ಅಧ್ಯಾಯದಲ್ಲಿ ಏನಿದೆ? ಥುವತೈರ ಎಂಬ ಊರಿನ ಕ್ರೈಸ್ತ ಸಭೆಗೆ ಬರೆದ ಪತ್ರವಿದೆ. ಈಜೆಬೆಲ್ ಎಂಬ ಹೆಂಗಸಿನ ಬಗ್ಗೆ ಬಹಳ ಕಠಿಣವಾದ ಮಾತಿದೆ. ಅದರ ನಡುವೆಯೇ, ಮಾನಸಾಂತರಪಡಲು, ಅಂದರೆ ಪಶ್ಚಾತ್ತಾಪಪಟ್ಟು ತಿರುಗಿಕೊಳ್ಳಲು, ಅವಳಿಗೆ ಸಮಯ ಕೊಟ್ಟಿದ್ದೆ ಎಂಬ ಮಾತೂ ಇದೆ. ಶೂಟಿಂಗಿಗೆ ಹೊರಟವಳನ್ನು ತಡೆದದ್ದು ಬೈಗುಳವೋ, ಕೊಟ್ಟ ಸಮಯವೋ? ಆಕೆಯ ಮಾತುಗಳನ್ನೆಲ್ಲ ಮತ್ತೆ ಕೇಳಿ, ಉತ್ತರ ಹುಡುಕಿ. ಇಡೀ ಲೇಖನ ನಿಲ್ಲಬೇಕಾದದ್ದು ಅದರ ಮೇಲೆ.

ಇನ್ನೊಂದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಸಭೆಗೆ ಬಂದು ಯೇಸುವನ್ನು ನಂಬಿದ ಮೇಲೂ ಆಕೆ ಮತ್ತೆ ಅದೇ ಉದ್ಯಮಕ್ಕೆ ಮರಳಿದ್ದರು. ಕತೆಗೆ ಅಡ್ಡಿಯೆಂದು ಕೈಬಿಟ್ಟಿರೋ ಏನೋ. ಹಿಂಜಾರಿದವರು ಎಂದು ನಮ್ಮ ಸಭೆಗಳಲ್ಲಿ ಹೆಸರಿಟ್ಟು ದೂರ ಕೂರಿಸುತ್ತಾರಲ್ಲ, ಅಂಥವರು ಓದಬೇಕಾದ ಭಾಗವೇ ಅದು. ದಯವಿಟ್ಟು ಸೇರಿಸಿ.

ಮೊದಲ ಸಾಲಿನ ‘ವೇಶ್ಯೆಯಾಗಿದ್ದ ಮಗ್ದಲದ ಮರಿಯಳಂತೆ’ ಎಂಬುದನ್ನು ಹೊಡೆದುಹಾಕಿ. ಮರಿಯಳು ಯೇಸುವನ್ನು ಹಿಂಬಾಲಿಸಿದವಳು, ಯೇಸುವಿನ ಜೀವನ ಹೇಳುವ ಯಾವ ಸುವಾರ್ತೆಯೂ ಆಕೆಯನ್ನು ಹಾಗೆ ಕರೆದಿಲ್ಲ. ಏಳು ದೆವ್ವಗಳಿಂದ ಬಿಡುಗಡೆಯಾದವಳು ಎಂದಷ್ಟೇ ಲೂಕನು ಬರೆದಿದ್ದಾನೆ. ಅದರ ಹಿಂದಿನ ಅಧ್ಯಾಯದಲ್ಲಿ ಯೇಸುವಿನ ಪಾದ ತೊಳೆದ, ಹೆಸರಿಲ್ಲದ ಹೆಂಗಸನ್ನೂ ಈಕೆಯನ್ನೂ ಒಬ್ಬಳೇ ಎಂದು 591ರ ಸುಮಾರಿಗೆ ಪ್ರಸಂಗದಲ್ಲಿ ಹೇಳಿದವರು ಪೋಪ್ ಗ್ರೆಗರಿ. 1969ರಲ್ಲಿ ತನ್ನ ಹಬ್ಬಗಳ ಪಂಚಾಂಗವನ್ನು ಪರಿಷ್ಕರಿಸಿದಾಗ ಕಥೋಲಿಕ ಸಭೆ ಆ ಬೆರಕೆಯನ್ನು ಬಿಟ್ಟುಕೊಟ್ಟಿತು. ಮಾಡದ ಕೆಲಸದ ಹೆಸರು ಒಬ್ಬ ಹೆಣ್ಣಿಗೆ ಸಾವಿರಕ್ಕೂ ಹೆಚ್ಚು ವರ್ಷ ಅಂಟಿಕೊಂಡಿತ್ತು. ನಾವು ಅದನ್ನು ಮುಂದುವರಿಸುವುದು ಬೇಡ.

‘ಹಾಲಿವುಡ್‌ನ ಕತ್ತಲ ಲೋಕ’ ಎಂಬುದೂ ತಪ್ಪು. ಬಹುಕಾಲ ಈ ಉದ್ಯಮದ ನೆಲೆ ಲಾಸ್ ಏಂಜಲೀಸಿನ ಸ್ಯಾನ್ ಫರ್ನಾಂಡೋ ವ್ಯಾಲಿ. ನಟನಟಿಯರಿಗೆ ಹಣ ಕೊಟ್ಟು ಇಂಥ ಚಿತ್ರ ತೆಗೆಯುವುದು ತಲೆಹಿಡುಕತನವಾಗುವುದಿಲ್ಲ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ, ಫ್ರೀಮನ್ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ ಕೆಲಸ ಹಗಲಲ್ಲೇ ನಡೆಯಿತು. ವಯಸ್ಸಿನ ದಾಖಲೆ, ಕರಾರುಪತ್ರ, ಕಾಲಕಾಲಕ್ಕೆ ರೋಗಪರೀಕ್ಷೆ. ಒಮ್ಮೆ ಸಹಿ ಹಾಕಿದರೆ ಚಿತ್ರದ ಹಕ್ಕು ಸಾಮಾನ್ಯವಾಗಿ ಕಂಪನಿಯದು. ಬಿಟ್ಟು ಬಂದವರು ಅದನ್ನು ವಾಪಸು ಕೇಳುವಂತಿಲ್ಲ. ಈ ಒಣ ಸಂಗತಿ ನಿಮ್ಮ ಆರು ಪುಟಗಳಿಗಿಂತ ಹೆಚ್ಚು ನೋಯಿಸುತ್ತದೆ. ವೇದಿಕೆಯ ಮೇಲೆ ನಿಂತು ದೇವರ ವಾಕ್ಯ ಹೇಳುತ್ತಿರುವವಳ ಹಳೆಯ ದೃಶ್ಯಗಳು ಎದುರು ಕೂತವರ ಫೋನಿನಲ್ಲಿ ಸಿಗುತ್ತವೆ, ಅದು ಅವಳಿಗೂ ಗೊತ್ತು. ಹಾಗೆ ನಿಲ್ಲಲು ಏನು ಬೇಕು ಎಂದು ಬರೆಯಿರಿ.

ಗಂಡಸರೂ ಹೀಗೆ ಬಂದಿದ್ದಾರೆಂಬುದು ನಿಮ್ಮ ಗಮನಕ್ಕಿರಲಿ. ಜೋಶುವಾ ಬ್ರೂಮ್ ಅದೇ ಉದ್ಯಮದಲ್ಲಿದ್ದು ಈಗ ಸುವಾರ್ತೆ ಸಾರುತ್ತಿರುವವರು. ಚೆಕ್ಕು ಜಮಾ ಮಾಡಲು ಬ್ಯಾಂಕಿಗೆ ಹೋದಾಗ ಕೌಂಟರಿನ ಮಹಿಳೆ ತನ್ನನ್ನು ನಿಜವಾದ ಹೆಸರಿನಿಂದ ಮಾತಾಡಿಸಿದ್ದೇ ತನ್ನನ್ನು ಅಲುಗಿಸಿತು ಎಂದು ಅವರು ಹೇಳುತ್ತಾರೆ. ಉಪದೇಶವಿಲ್ಲ, ಗುಡುಗು ಮಿಂಚಿಲ್ಲ. ಇಂಥ ವಿವರ ಒಂದಿದ್ದರೆ ‘ಬೆಳಕು ಹರಿಯಿತು’ ಬೇಕಾಗುವುದೇ ಇಲ್ಲ.

ಸೇವೆಯ ಭಾಗಕ್ಕೆ ಸಾಮಗ್ರಿ ಸಾಲದೆಂದಿದ್ದೀರಿ. ಬೇಕಾದಷ್ಟಿದೆ. ಕ್ರೇಗ್ ಗ್ರಾಸ್ ಮತ್ತು ಮೈಕ್ ಫಾಸ್ಟರ್ 2002ರಲ್ಲಿ ಶುರುಮಾಡಿದ ಟ್ರಿಪಲ್ ಎಕ್ಸ್ ಚರ್ಚ್ ಬಳಗ ನೀಲಿಚಿತ್ರದವರ ಮೇಳಗಳಿಗೇ ಹೋಗಿ ಮಳಿಗೆ ಹಾಕಿತು, ಯೇಸು ಪೋರ್ನ್ ತಾರೆಯರನ್ನು ಪ್ರೀತಿಸುತ್ತಾನೆ ಎಂದು ರಕ್ಷಾಪುಟದಲ್ಲಿ ಬರೆದ ಹೊಸ ಒಡಂಬಡಿಕೆ ಹಂಚಿತು. ಆ ರಕ್ಷಾಪುಟದ ಪ್ರತಿಗಳನ್ನು ಅಚ್ಚು ಮಾಡಿಕೊಡಲು ಅಮೆರಿಕದ ಬೈಬಲ್ ಸೊಸೈಟಿ ಒಪ್ಪಲಿಲ್ಲ. ಅಲ್ಲಿಗೆ ಹೋಗಬೇಕೇ, ಹೋದರೆ ಯಾವ ಮಾತಾಡಬೇಕು ಎಂಬ ಜಗಳ ವಿಶ್ವಾಸಿಗಳ ನಡುವೆಯೇ ಇತ್ತು. ಅದನ್ನು ಮುಚ್ಚಿಡಬೇಡಿ.

‘ಹೊಲಸು’, ‘ನರಕ’, ‘ಮೈಮಾರಿಕೊಂಡವಳು’ ಇವನ್ನೆಲ್ಲ ತೆಗೆಯಿರಿ. ಹನ್ನೆರಡನೇ ಶತಮಾನದ ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮಗೆ ಉಳಿದಿದೆ, ಅಂಕಿತ ನಿರ್ಲಜ್ಜೇಶ್ವರ. ತನ್ನ ಕಸುಬಿನ ಕಟ್ಟಳೆಯನ್ನೇ ಹಿಡಿದು ಆಕೆ ತನ್ನ ನಿಷ್ಠೆಯನ್ನು ಹೇಳುತ್ತಾಳೆ, ಹಿಂದಿನ ಬದುಕನ್ನು ಉಗಿಯುವುದಿಲ್ಲ. ಬಿಟ್ಟು ಬಂದವರೇ ಬಳಸದ ಬೈಗುಳವನ್ನು ಹೊರಗೆ ನಿಂತ ನಾವು ಬಳಸಲು ನಮಗೇನು ಹಕ್ಕು?

ನಿರ್ಮಾಪಕರ ಬಾಯಲ್ಲಿ ನೀವು ಹಾಕಿರುವ ಸಂಭಾಷಣೆಗಳು ಕಲ್ಪಿತವೆಂದು ನಿಮ್ಮ ಪತ್ರದಲ್ಲೇ ಒಪ್ಪಿದ್ದೀರಿ. ಬದುಕಿರುವವರ ಕತೆಯಲ್ಲಿ ಅವಕ್ಕೆ ಜಾಗವಿಲ್ಲ. ಎಲ್ಲವನ್ನೂ ತೆಗೆಯಿರಿ.

ಹೊಸ ಕರಡು ಐದು ಪುಟ ಮೀರದಿರಲಿ, ಅದರಲ್ಲಿ ಮೂರಾದರೂ 2012ರ ನಂತರದ್ದಾಗಿರಲಿ. ಶೀರ್ಷಿಕೆಯನ್ನು ಆಮೇಲೆ ಕೂತು ಯೋಚಿಸೋಣ. ಆಕೆಯ ಹಳೆಯ ಪರದೆಯ ಹೆಸರಂತೂ ಅದರಲ್ಲಿ ಇರುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ