ದೊಡ್ಡ ಪದಕ ಗೆಲ್ಲದ ಆಟಗಾರ ಊರಿಗೆ ಏನು ಕೊಟ್ಟಿರುತ್ತಾನೆ?

ನಿಮ್ಮ ಪ್ರಶ್ನೆಗೆ ನಮ್ಮೂರಿನ ಮಟ್ಟಿಗೆ ಉತ್ತರ ಹೇಳುತ್ತೇನೆ. ಮಣ್ಣು ಕೊಟ್ಟಿದ್ದಾರೆ.

ತಮಾಷೆ ಅಲ್ಲ. ನಮ್ಮದು ಕಲಬುರಗಿ ಜಿಲ್ಲೆ, ಸೇಡಂ ತಾಲೂಕು. ಸುತ್ತ ತೊಗರಿ ಹೊಲ, ಎರೆ ನೆಲ. ಮಳೆ ಬಂದರೆ ಎರೆ ಕಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ. ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಂಥ ಬಿರುಕು. ಅದರ ಮೇಲೆ ಕಬಡ್ಡಿ ಆಡಿದರೆ ಕಾಲು ಮುರಿಯೋದೇ. ನಾವೆಲ್ಲ ಕಾಕಾ ಅಂತ ಕರೆಯುವ ಒಬ್ಬರು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತಲೇ, ಚಿಂಚೋಳಿ ಕಡೆಯಿಂದ ಟ್ರ್ಯಾಕ್ಟರ್‌ನಲ್ಲಿ ಕೆಂಪು ಮಣ್ಣು ತರಿಸಿದರು. ಜರಡಿ ಹಿಡಿದು ಹರಡಿ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ ಮಾಡಿದರು. ಗೆರೆಗೆ ಸುಣ್ಣ ಹಾಕಲು ಬಿಡಲಿಲ್ಲ. ತರಚಿದ ಮೊಣಕಾಲಿಗೆ ಸುಣ್ಣ ತಾಗಿದರೆ ಎಂಥ ಉರಿ ಗೊತ್ತಲ್ವಾ? ಒಲೆಯ ಬೂದಿ ಸಾಕು ಅಂದರು. ಸಂಜೆ ಆಟಕ್ಕೆ ಮೊದಲು ನೀರು ಹೊಡೆಯುವುದು ಇವತ್ತಿಗೂ ಅವರೇ.

ಆಟಗಾರರಾಗಿ ಅವರು ಜಿಲ್ಲಾ ಮಟ್ಟ ದಾಟಲಿಲ್ಲ. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಮೊದಲ ಸಲ ಪದಕದ ಆಟವಾಗಿ, ಭಾರತ ಚಿನ್ನ ಗೆದ್ದಾಗ ರೇಡಿಯೊ ಮುಂದೆ ಕೂತಿದ್ದರಂತೆ. ಆ ಕತೆ ನೂರು ಸಲ ಕೇಳಿದ್ದೇನೆ. ಪ್ರತಿ ಸಲ ಸ್ವಲ್ಪ ಉದ್ದ ಆಗಿರುತ್ತದೆ.

ನಮ್ಮ ಕಡೆ ತಂಡ ಕಟ್ಟಿದ ವರ್ಷವೇ ಒಡೆದುಹೋಗುತ್ತದೆ. ತೊಗರಿ ರಾಶಿ ಮುಗಿದ ಕೂಡಲೇ ಹುಡುಗರು ಗುಳೆ ಹೋಗುತ್ತಾರೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಏಳು ಜನರಲ್ಲಿ ಜಾತ್ರೆ ಹೊತ್ತಿಗೆ ಮೂವರು ಉಳಿದರೆ ಪುಣ್ಯ. ಕಾಕಾ ಮತ್ತೆ ಶಾಲೆ ಹುಡುಗರನ್ನು ಹಿಡಿದು ಮೊದಲಿನಿಂದ ಶುರು ಮಾಡುತ್ತಾರೆ. ‘ಮಾರಿ ನೋಡಬ್ಯಾಡ್ರಲೇ, ಕಾಲ್ ನೋಡ್ರಿ.’ ರೇಡ್‌ಗೆ ಬಂದವನನ್ನು ಹಿಡಿಯಲು ಅವರ ಮೊದಲ ಪಾಠ ಇದು. ನಾನೂ ಕಲಿತೆ. ಹಿಡಿತ ಮಾತ್ರ ಬರಲಿಲ್ಲ. ಸ್ಕೋರ್ ಬರೆಯಲು ಕೂರಿಸಿದರು.

ಹೆಣ್ಣುಮಕ್ಕಳ ಅಂಕಣ 12ಕ್ಕೆ 8 ಮೀಟರ್. ಅದನ್ನೂ ದೊಡ್ಡದರೊಳಗೇ ಬೂದಿಯಲ್ಲಿ ಎಳೆದರು. ಕಟ್ಟೆ ಮೇಲೆ ಒಂದಿಷ್ಟು ಮಾತು ಬಂತು. ಕಾಕಾ ತಮ್ಮ ಮೊಮ್ಮಗಳನ್ನೇ ಮೊದಲು ಇಳಿಸಿದರು.

ಈಗಿನ ತಾಪತ್ರಯ ಮ್ಯಾಟ್‌ನದು, ಅಂದರೆ ಮಣ್ಣಿನ ಬದಲು ಅಂಕಣಕ್ಕೆ ಹಾಸುವ ಹಾಸಿನದು. ದೊಡ್ಡ ಪಂದ್ಯಗಳೆಲ್ಲ ಅದರ ಮೇಲೇ. ನಮ್ಮ ಹುಡುಗರಿಗೆ ಬರಿಗಾಲಲ್ಲಿ, ಮಣ್ಣಿನ ಮೇಲೆ ಜಾರಿ ತಿರುಗಿ ಅಭ್ಯಾಸ. ಮ್ಯಾಟ್ ಮೇಲೆ ಬೂಟು ಗಕ್ಕನೆ ಹಿಡಿದುಬಿಡುತ್ತದೆ, ಮೈ ಮುಂದೆ ಹೋಗುತ್ತದೆ. ಹೋದ ವರ್ಷ ಕಾಕಾ ಸ್ವಂತ ದುಡ್ಡಲ್ಲಿ ನಾಲ್ಕು ಜೊತೆ ಬೂಟು ತಂದರು. ಎಲ್ಲವೂ ಎಂಟನೇ ನಂಬರು! ತಂಡಕ್ಕೆ ಸೇರಬೇಕಾದರೆ ಆಟ ಬಂದರೆ ಸಾಲದು, ಪಾದವೂ ಎಂಟನೇ ನಂಬರು ಇರಬೇಕು ಅಂತ ಹುಡುಗರು ನಗುತ್ತಾರೆ.

‘ಊರಲ್ಲಿ ಚಂದಾ ಎತ್ತಿ ಒಂದು ಮ್ಯಾಟ್ ತರಿಸೋಣ ಕಾಕಾ’ ಅಂದೆ.

‘ತರಸೋ ತಮ್ಮಾ. ಆದ್ರ ಸಂಜಿಗಿ ನಾ ನೀರು ಎಲ್ಲಿ ಹೊಡೀಲಿ?’ ಅಂದರು.